ಪೂಜೆಯಾದ ಕ್ರೇನು

ಹೊಸ ಬಣ್ಣ ಕಂಡ ಕೂಡಲೇ ಮರುಳಾಗುವವರನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕ್ರೇನಿನ ಲಿವರ್ ಹಿಡಿಯುವುದನ್ನು ಬಿಟ್ಟು ಕುಂದೂರಿನ ಮನೆಯಲ್ಲಿ ಕೂತಿದ್ದೇನೆ. ಮಂಡಿ ನೋವು, ಶುಗರ್ ಮಾತ್ರೆ ಎಲ್ಲ ಶುರುವಾಗಿದೆ. ಫೋನ್ ಮಾತ್ರ ನಿಂತಿಲ್ಲ. "ಅಣ್ಣ, ಒಂದು ಸೆಕೆಂಡ್ ಹ್ಯಾಂಡ್ ಲಾರಿ ಕ್ರೇನ್ ಸಿಕ್ಕೈತೆ, ಬಂದು ನೋಡಿ ಹೇಳ್ರಣ್ಣ" ಅನ್ನುತ್ತಾರೆ. ಮಾತುಕತೆ ಎಲ್ಲಿಗೆ ಬಂತು ಎಂದು ಕೇಳಿದರೆ, ಗಾಡಿ ಆಗಲೇ ಮನೆ ಮುಂದೆ ನಿಂತಿದೆ, ಹಾರ ಹಾಕಿ ಫೋಟೋನೂ ತೆಗೆದಾಗಿದೆ! ತಾಳಿ ಕಟ್ಟಿದ ಮೇಲೆ ಹೆಣ್ಣು ನೋಡಲು ಕರೆದ ಹಾಗೆ. ನಾನು ಹೋಗಿ ಏನು ನೋಡಲಿ, ಹಾರವನ್ನೇ?

ಮರ ತೆಗೆಯುವ ಕೆಲಸಕ್ಕೆ ಹೊಸದಾಗಿ ಇಳಿಯುತ್ತಿರುವವರು ಈಗ ಸಕಲೇಶಪುರ, ಆಲೂರಿನ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಹೆಲ್ಪರ್ ಆದೆ, ಯಾವಾಗ ಆಪರೇಟರ್ ಆದೆ ಎಂಬ ಪುರಾಣ ಅವರಿಗೆ ಬೇಕಿಲ್ಲ, ಹೇಳುವುದಕ್ಕೆ ನನಗೂ ಇಷ್ಟವಿಲ್ಲ.

ನಮ್ಮ ಕಡೆ ಮರ ಬೀಳಿಸುವುದು ಕಷ್ಟವಲ್ಲ, ಬೀಳಿಸದೆ ತೆಗೆಯುವುದು ಕಷ್ಟ. ಕಾಫಿ ತೋಟದ ನಡುವೆ ಒಣಗಿ ನಿಂತ ಸಿಲ್ವರ್ ಓಕ್ ಮರವನ್ನು ಬುಡಕ್ಕೆ ಕೊಯ್ದು ಕೆಡವಿದರೆ ಅಡಿಯಲ್ಲಿರುವ ಕಾಫಿ ಗಿಡಗಳೆಲ್ಲ ಚಟ್ನಿ. ಮೊದಲು ಮರಗಸಿಯವರು, ಅಂದರೆ ತೋಟದ ನೆರಳು ಮರದ ಕೊಂಬೆ ಸವರುವವರು, ಹಗ್ಗ ಕಟ್ಟಿಕೊಂಡು ಹತ್ತಿ ತುದಿಯಿಂದ ತುಂಡು ತುಂಡಾಗಿ ಇಳಿಸುತ್ತಿದ್ದರು. ಕ್ರೇನ್ ಬಂದ ಮೇಲೆ ಕೆಲಸದ ರೀತಿಯೇ ಬೇರೆಯಾಯಿತು. ತೋಟದ ರಸ್ತೆಯಲ್ಲೇ ಲಾರಿ ನಿಲ್ಲಿಸಿ, ಬೂಮನ್ನು ಗಿಡಗಳ ಮೇಲಿಂದ ಚಾಚಿ, ಮರದ ತಲೆಗೆ ಬೆಲ್ಟ್ ಬಿಗಿದು, ಕೊಯ್ದ ತುಂಡನ್ನು ಗಾಳಿಯಲ್ಲೇ ಎತ್ತಿ ಈಚೆಗೆ ತಂದಿಡಬಹುದು. ಬೂಮ್ ಎಂದರೆ ಕ್ರೇನಿನ ಕಬ್ಬಿಣದ ತೋಳು. ನಮ್ಮ ಆಳುಗಳು ಅದನ್ನು ಸೊಂಡಿಲು ಎನ್ನುತ್ತಿದ್ದರು. ದಿನಾ ಆನೆ ಕಾಟ ಅನುಭವಿಸುವವರು ಬೇರೇನು ಅಂದಾರು!

ಬೆಲ್ಟ್ ಬಿಗಿಯಲು ಮರದ ತಲೆಗೆ ಒಬ್ಬ ಮನುಷ್ಯ ಹೋಗಲೇಬೇಕು. ಅವನು ಕ್ರೇನಿನ ಹುಕ್ಕಿಗೆ ತನ್ನ ಸೊಂಟದ ಪಟ್ಟಿ ಸಿಕ್ಕಿಸಿಕೊಂಡು ಮೇಲೆ ಹೋಗುತ್ತಾನೆ. ಹುಕ್ಕಿನಲ್ಲಿ ಮನುಷ್ಯರನ್ನು ಎತ್ತಬಾರದು ಎಂದು ಯಂತ್ರದ ಮೇಲೆಯೇ ತಗಡು ಬಡಿದು ಬರೆದಿರುತ್ತಾರೆ. ನಮ್ಮವರು ಆ ತಗಡಿನ ಮೇಲೂ ಬಣ್ಣ ಬಳಿದಿರುತ್ತಾರೆ. ಈಗ ಕೆಲವರು ಸುತ್ತ ಕಟಕಟೆ ಇರುವ ತೊಟ್ಟಿ ಕಟ್ಟಿಸಿ ಅದರೊಳಗೆ ಆಳನ್ನು ನಿಲ್ಲಿಸುತ್ತಾರೆ. ಅದೇ ಸರಿಯಾದ ದಾರಿ.

ನಾನು ಕೆಲಸದಲ್ಲಿದ್ದಷ್ಟು ಕಾಲ ನನ್ನ ಹುಕ್ಕಿನಲ್ಲಿ ನೇತಾಡಿದವನು ಹಾನುಬಾಳಿನ ರಂಗಸ್ವಾಮಿ. ಗರಗಸದ ಶಬ್ದದಲ್ಲಿ ಕೂಗಿದರೆ ಕೇಳುವುದಿಲ್ಲ, ಹಾಗಾಗಿ ಅವನು ಮೇಲಿನಿಂದ ಕೈಯಲ್ಲೇ ಮಾತಾಡುತ್ತಿದ್ದ. ಹೆಬ್ಬೆರಳು ಮೇಲೆ ಎಂದರೆ ಎತ್ತು, ಕೆಳಗೆ ಎಂದರೆ ಇಳಿಸು. ಮುಷ್ಟಿ ಕಟ್ಟಿದರೆ ಇದ್ದಲ್ಲೇ ನಿಲ್ಲಿಸು. ಮುಷ್ಟಿ ಕಂಡ ಮೇಲೆ ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಅವನ ಪ್ರಾಣ ನನ್ನ ಬಲಗೈಯಲ್ಲಿ ಇರುತ್ತಿತ್ತು, ಅದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಿಕೊಂಡವರಲ್ಲ.

ನಮ್ಮ ಮಾಲೀಕರು ಆಲೂರಿನ ಪುಟ್ಟೇಗೌಡರು. ಮನುಷ್ಯ ಒಳ್ಳೆಯವರೇ, ಆದರೆ ಇನ್ನೊಬ್ಬರ ಮಾತು ಕೇಳುವ ಕಿವಿಯನ್ನು ದೇವರು ಅವರಿಗೆ ಕೊಟ್ಟಿರಲಿಲ್ಲ. ಒಂದು ಸಲ ಘಟ್ಟದ ಕೆಳಗಿನಿಂದ ಹಳೇ ಲಾರಿ ಕ್ರೇನ್ ಒಂದನ್ನು ತಂದರು. ನೋಡಿದರೆ ಕಣ್ಣು ತುಂಬುವಷ್ಟು ಉದ್ದ. "ಇಷ್ಟುದ್ದದ ಸೊಂಡಿಲು ಈ ಜಿಲ್ಲೇಲಿ ಯಾರತ್ರ ಐತೋ, ತೋರ್ಸು ನೋಡಾನ" ಎಂದು ಮೀಸೆ ತಿರುವಿದರು. ನಮ್ಮ ತೋಟದ ರಸ್ತೆಗೆ ಇದು ತಿರುಗುವುದಿಲ್ಲ ಗೌಡ್ರೇ ಎಂದೆ. "ನೀನು ತಿರುಗ್ಸು, ತಿರುಗ್ತದೆ" ಎಂದರು.

ಮೊದಲ ಕೆಲಸ ಸಿಕ್ಕಿದ್ದು ಹೊಂಗಡಹಳ್ಳದ ಕಡೆ. ಒಂದು ತಿರುವಿನಲ್ಲಿ ಗಾಡಿಯ ಮೂತಿ ರಸ್ತೆ ಬದಿಯ ಧರೆಗೆ, ಅಂದರೆ ಕಡಿದ ಮಣ್ಣಿನ ಗೋಡೆಗೆ, ಹೊಡೆಯಿತು, ಹಿಂಭಾಗ ಚರಂಡಿಗೆ ಇಳಿಯಿತು. ಅತ್ತ ಒಂದು ಬಸ್ಸು, ಇತ್ತ ಒಂದು ಬಸ್ಸು ಬಂದು ನಿಂತವು. ಕೊನೆಗೆ ಜನ ಗಂಟು ಮೂಟೆ ಹೊತ್ತು ಇಳಿದು, ನಮ್ಮ ಗಾಡಿಯ ಪಕ್ಕದಲ್ಲಿ ನುಸುಳಿ, ಈ ಬಸ್ಸಿನವರು ಆ ಬಸ್ಸಿಗೆ, ಆ ಬಸ್ಸಿನವರು ಈ ಬಸ್ಸಿಗೆ ಹತ್ತಿಕೊಂಡು ಹೋದರು. ಹೋಗುವಾಗ ಸುಮ್ಮನೆ ಹೋದರೇ? ಪ್ರತಿಯೊಬ್ಬರೂ ನನಗೊಂದು ಮಾತು ಕೊಟ್ಟೇ ಹೋದರು. ಗೌಡರು ರಸ್ತೆ ಮಧ್ಯೆ ನಿಂತು, "ರಸ್ತೆ ಮಾಡ್ದೋರಿಗೆ ಬುದ್ಧಿ ಇಲ್ಲ ಕಣೋ" ಎಂದು ಬೈಯುತ್ತಿದ್ದರು. ಗಾಡಿ ಕೊಳ್ಳುವ ಮುಂಚೆ ನೀವು ಹೋಗಬೇಕಾದ ತೋಟಗಳಲ್ಲಿ ಅತ್ಯಂತ ಕಿರಿದಾದ ಗೇಟು ಯಾವುದು, ಅತ್ಯಂತ ಕೆಟ್ಟ ತಿರುವು ಯಾವುದು ಎಂದು ಹಗ್ಗ ಹಿಡಿದು ಅಳೆದುಕೊಂಡು ಬನ್ನಿ. ಹೀಗೆ ಮಾಡುವವರನ್ನು ನಾನು ಇನ್ನೂ ಕಾಣಬೇಕು.

ನನ್ನ ಇನ್ನೊಂದು ಸಿಟ್ಟು ಟನ್ ಎಂಬ ಪದದ ಮೇಲೆ. ಮಾರುವವರು "ಹತ್ತು ಟನ್ ಗಾಡಿ" ಎನ್ನುತ್ತಾರೆ, ನಮ್ಮವರು ಅದು ಎಲ್ಲಿ ಬೇಕಾದರೂ ಹತ್ತು ಟನ್ ಎತ್ತುತ್ತದೆ ಎಂದು ನಂಬಿಬಿಡುತ್ತಾರೆ. ಅದು ಬೂಮನ್ನು ಒಳಗೆಳೆದುಕೊಂಡು ಮಗ್ಗುಲಲ್ಲೇ ಎತ್ತಿದಾಗಿನ ಮಾತು. ತುಂಬಿದ ಕೊಡವನ್ನು ಸೊಂಟದ ಮೇಲೆ ಸಲೀಸಾಗಿ ತರುವ ಹೆಂಗಸಿಗೆ ಅದೇ ಕೊಡವನ್ನು ಕೈ ಚಾಚಿ ಹಿಡಿದು ನಿಲ್ಲು ಎಂದರೆ ನಿಲ್ಲುತ್ತಾಳೆಯೇ? ಬೂಮ್ ಪೂರ್ತಿ ಚಾಚಿದಾಗ ಎಷ್ಟು ಎತ್ತುತ್ತದೆ ಎಂದು ಕೇಳಿ ನೋಡಿ, ಮಾರುವವನು ಆಕಾಶ ನೋಡುತ್ತಾನೆ.

ಇದರ ಮೇಲೆ ನಮ್ಮವರದೇ ಒಂದು ಎಡವಟ್ಟು ಇದೆ. ಮರದ ವ್ಯಾಪಾರದವರು ಎಲ್ಲವನ್ನೂ ಘನ ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಮಳೆಗಾಲದ ನೀರು ಕುಡಿದು ನಿಂತ ಹಲಸಿಗೂ ಬೇಸಿಗೆಯಲ್ಲಿ ಒಣಗಿದ ಸಿಲ್ವರಿಗೂ ಅಡಿ ಒಂದೇ ಇರಬಹುದು, ತೂಕ ಒಂದೇ ಆಗುತ್ತದೆಯೇ? ಒಂದು ತೋಟದ ಲೆಕ್ಕ ಬರೆಯುವ ರೈಟರ್ "ಮೊನ್ನೆ ಎತ್ತಿದ್ರಲ್ಲ, ಅಷ್ಟೇ ಅಡಿ, ಎತ್ರೀ" ಎಂದು ಅವಸರ ಮಾಡಿದ. ಹಸಿ ಹಲಸು. ಕೊಯ್ದ ತುಂಡು ಬುಡ ಬಿಟ್ಟ ತಕ್ಷಣ ಲಾರಿ ವಾಲದಿರಲೆಂದು ನೆಲಕ್ಕೆ ಊರಿದ್ದ ಜಾಕಿ ಕಾಲುಗಳು ಒಂದು ಮಗ್ಗುಲಲ್ಲಿ ನೆಲ ಬಿಟ್ಟು ಮೇಲೆದ್ದವು. ಬೆಲ್ಟ್ ಬಿಗಿದು ಹುಕ್ಕು ಬಿಟ್ಟು ಪಕ್ಕದ ಕೊಂಬೆಗೆ ಸರಿದಿದ್ದ ರಂಗಸ್ವಾಮಿ ಮುಷ್ಟಿ ತೋರಿಸಿದ. ಎತ್ತುವುದು ಅಲ್ಲಿಗೇ ನಿಲ್ಲಲಿ ಎಂದು ನಾನು ಲಿವರ್ ಬಿಟ್ಟೆ. ಆಮೇಲೆ ನೂಲಿನಷ್ಟು ನೂಲಿನಷ್ಟು ತುಂಡನ್ನು ನೆಲಕ್ಕೆ ತಂದೆ. ಎರಡು ಸಾಲು ಕಾಫಿ ಗಿಡ ಹೋಯಿತು, ರೈಟರ್ ನನ್ನನ್ನೇ ಬೈದ. ನಾನು ತಿರುಗಿ ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಈಗ ಸೆಕೆಂಡ್ ಹ್ಯಾಂಡ್ ಗಾಡಿ ನೋಡುವ ವಿಷಯ. ಎಲ್ಲರೂ ಮೊದಲು ಹೋಗಿ ಟೈರ್ ಒದೆಯುತ್ತಾರೆ. ಇದನ್ನು ಯಾರು ಕಲಿಸಿದರೋ! ಆಮೇಲೆ ಎಂಜಿನ್ ಶಬ್ದ, ಕ್ಯಾಬಿನ್ ಸೀಟು, ಹಾಡು ಹಾಕುವ ಡಬ್ಬಿ. ಕೊಳ್ಳುತ್ತಿರುವುದು ಕ್ರೇನು ಮಾರಾಯ, ದಿಬ್ಬಣದ ಕಾರಲ್ಲ.

ನಾನು ಒಂದು ಭಾರ ಎತ್ತಿ ಹಿಡಿಸಿ, ಎಂಜಿನ್ ಆರಿಸಿ, ಬೂಮನ್ನು ಎತ್ತುವ ಸಿಲಿಂಡರಿನ ರಾಡ್ ಹೊರಬಂದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಾಫಿ ಕುಡಿಯಲು ಹೋಗುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಗೆರೆ ಒಳಗೆ ಹೋಗಿದ್ದರೆ ಆ ಸಿಲಿಂಡರ್ ಭಾರ ಹಿಡಿಯುತ್ತಿಲ್ಲ ಎಂದರ್ಥ. ಕಾಫಿ ಆಮೇಲೆ ಕುಡಿಯೋಣ ಎಂದು ಅವಸರ ಮಾಡುವ ಬ್ರೋಕರನ್ನು ನಂಬಬೇಡಿ. ತಂತಿ ಹಗ್ಗವನ್ನು ಕೊನೆಯ ಸುತ್ತಿನವರೆಗೂ ಬಿಚ್ಚಿಸಿ ನೋಡಿ. ಹೊರಗಿನ ಸುತ್ತಿಗೆ ಗ್ರೀಸ್ ಬಳಿದು ಮಿಂಚಿಸಿರುತ್ತಾರೆ, ಒಳಗಡೆ ಎಳೆ ಕಿತ್ತು ಮುಳ್ಳುಮುಳ್ಳಾಗಿರುತ್ತದೆ. ಬೂಮು ತಿರುಗುವ ಚಕ್ರದ ಗ್ರೀಸನ್ನು ಬೆರಳಲ್ಲಿ ತೆಗೆದು ಉಜ್ಜಿ. ಮರದ ಪುಡಿ ಸಿಕ್ಕಿದರೆ ಆ ಗಾಡಿ ಮೊದಲೇ ಮರದ ಕೆಲಸ ಮಾಡಿದೆ. ಬುಡದ ಬೇರು ಕೀಳಲು ಅಡ್ಡಡ್ಡ ಎಳೆದಿರುತ್ತಾರೆ, ಅಡ್ಡ ಎಳೆದ ಬೂಮು ಎಲ್ಲೋ ಒಂದು ಕಡೆ ಬಿಟ್ಟುಕೊಂಡೇ ಇರುತ್ತದೆ. ಆ ಬಿರುಕನ್ನು ಮುಚ್ಚಲು ಜನ ಏನೆಲ್ಲ ಮಾಡುತ್ತಾರೆ ಎಂಬುದನ್ನು ಇನ್ನು ಹೇಳುತ್ತೇನೆ.

ನಾನು ಕೆಲಸ ಬಿಟ್ಟ ಮೇಲೆ ರಂಗಸ್ವಾಮಿ ಸ್ವಂತ ಗಾಡಿ ಮಾಡಲು ಹೊರಟ. "ಬೇರೇರ ಹುಕ್ಕಲ್ಲಿ ನೇತಾಡಿದ್ದು ಸಾಕಾಗೈತೆ ಅಣ್ಣ. ಸ್ವಂತದ್ದಾದ್ರೆ ತೊಟ್ಟಿ ಕಟ್ಟಿಸ್ತೀನಿ, ಯಾವ ನನ್ಮಗನೂ ನನ್ ಗಾಡೀಲಿ ಹುಕ್ಕಿಗೆ ನೇತಾಡ್ಬಾರ್ದು" ಎಂದ. ಅವನ ಹೆಂಡತಿ ಗೌರಮ್ಮನಿಗೂ ಅದೇ ಆಸೆ. ಗಂಡ ಕೆಲಸಕ್ಕೆ ಹೋದ ದಿನ ಅವನು ತಿರುಗಿ ಬರುವ ತನಕ ಬಾಗಿಲಿಗೂ ಒಲೆಗೂ ಓಡಾಡಿಕೊಂಡೇ ಕಾಲ ಕಳೆದವಳು ಅವಳು. ಗಾಡಿ ನೋಡಲು ನನ್ನನ್ನು ಕರೆದರು. ಮುಂಚೆಯೇ ಕರೆದರಲ್ಲ ಎಂದು ಖುಷಿಯಿಂದಲೇ ಹೋದೆ.

ಬ್ರೋಕರ್ ಗಾಡಿಯನ್ನು ಹಾನುಬಾಳಿಗೇ, ಅವರ ಮನೆ ಮುಂದಕ್ಕೇ ತಂದಿದ್ದ. ಅರಿಶಿನದಂಥ ಹಳದಿ ಬಣ್ಣ, ಚೆಂಡುಹೂವಿನ ಹಾರ, ಎರಡೂ ಕಡೆ ಬಾಳೆಕಂದು. ಡ್ರೈವರ್ ಬಾಗಿಲ ಕೆಳಗಿನ ಮೆಟ್ಟಿಲೊಂದು ಮಾತ್ರ ಒಳಕ್ಕೆ ಮಡಚಿಕೊಂಡಿತ್ತು. "ದಾರೀಲೇ ದೇವಸ್ಥಾನದಲ್ಲಿ ಪೂಜೆ ಮುಗಿಸ್ಕೊಂಡೇ ಬಂದೆ. ಗೋಡೌನಲ್ಲಿ ಮೂಟೆ ಎತ್ತಿದ ಗಾಡಿ, ಮಗು ಥರ ನೋಡ್ಕಂಡವ್ರೆ" ಎಂದ. ಗೌರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ರಂಗಸ್ವಾಮಿ ಚಪ್ಪಲಿ ಬಿಟ್ಟು ಬಂಪರಿಗೆ ಕೈಮುಗಿದ.

ನಮ್ಮ ಕಡೆ ಪೂಜೆಯಾದ ಗಾಡಿಯನ್ನು ಯಾರೂ ಹಳಿಯುವುದಿಲ್ಲ. ಅಪಶಕುನ ಎನ್ನುತ್ತಾರೆ. ಅದು ಭಕ್ತಿ, ಅದಕ್ಕೆ ನನ್ನದೇನೂ ತಕರಾರಿಲ್ಲ, ನಾನೂ ಆಯುಧಪೂಜೆಯ ದಿನ ಲಿವರಿಗೆ ಕುಂಕುಮ ಇಟ್ಟವನೇ. ಆದರೆ ಆ ಬ್ರೋಕರಿಗೆ ನಮ್ಮ ಈ ಸಂಕೋಚ ಚೆನ್ನಾಗಿ ಗೊತ್ತಿತ್ತು. ಚಕ್ರದ ಗ್ರೀಸಿಗೆ ಬೆರಳು ಹಾಕಿದೆ, ಮರದ ಪುಡಿ ಬಂತು. ಗೋಡೌನಿನ ಮೂಟೆಯಲ್ಲಿ ಮರದ ಪುಡಿ ಎಲ್ಲಿಂದ ಬರುತ್ತದೆ? ಬಗ್ಗಿ ಬೂಮಿನ ಅಡಿ ನೋಡಿದೆ. ಎತ್ತುವ ಸಿಲಿಂಡರ್ ಬಂದು ಸೇರುವ ಮೂಲೆಯಲ್ಲಿ ದಪ್ಪಗೆ ಮೂರೆಳೆ ವಿಭೂತಿ, ನಡುವೆ ಅಗಲ ಕುಂಕುಮ. ಗಾಜಿಗೆ, ಚಕ್ರಕ್ಕೆ, ಸ್ಟೇರಿಂಗಿಗೆ ವಿಭೂತಿ ಹಚ್ಚುವುದನ್ನು ಕಂಡಿದ್ದೇನೆ. ನೆಲಕ್ಕೆ ಮಂಡಿ ಊರಿದರೆ ಮಾತ್ರ ಕಾಣುವ ಸಂದಿಯಲ್ಲಿ ಯಾವ ಪೂಜಾರಿ ವಿಭೂತಿ ಹಚ್ಚುತ್ತಾನೆ?

"ಗೌರಮ್ಮ, ಒಂದು ಒದ್ದೆ ಬಟ್ಟೆ ಕೊಡು" ಎಂದೆ.

ಬ್ರೋಕರಿನ ಮುಖ ಬದಲಾಯಿತು. "ಯಜಮಾನ್ರೇ, ಏನ್ ಬೇಕಾದ್ರೂ ನೋಡಿ, ದೇವ್ರನ್ನ ಮಾತ್ರ ಒರೆಸ್ಬೇಡಿ. ಒಳ್ಳೇದಾಗಲ್ಲ" ಎಂದ.

"ಬ್ಯಾಡ ಕಣಣ್ಣ, ಪೂಜೆ ಆಗೈತೆ" ಎಂದು ರಂಗಸ್ವಾಮಿಯೂ ನನ್ನ ಕೈ ಹಿಡಿದ.

ಕೈ ಕೊಡವಿ, ಗೌರಮ್ಮ ಕೊಟ್ಟ ಬಟ್ಟೆಯಲ್ಲಿ ಒರೆಸಿದೆ. ವಿಭೂತಿಯ ಕೆಳಗಿನ ಬಣ್ಣ ಅಲ್ಲಿ ಮಾತ್ರ ಸೆಟ್ ದೋಸೆಯಷ್ಟು ದಪ್ಪಗಿತ್ತು. ಸ್ಕೂಟರ್ ಕೀಲಿಯಲ್ಲಿ ಕೆರೆದೆ. ಒರಟು ಬೆಸುಗೆ ಕಂಡಿತು. ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಹೊಸ ಬಿರುಕು, ಕೂದಲಿನಷ್ಟು ಸಣ್ಣದು, ಮೂಲೆ ಬಳಸಿ ಮೇಲಕ್ಕೆ ಹೊರಟಿತ್ತು. ಬ್ರೋಕರಿನ ಕಡೆ ತಿರುಗಿದೆ. ಕಳ್ಳತನ ಮಾಡು, ಸುಳ್ಳು ಹೇಳು, ದೇವರ ಹೆಸರಿನಲ್ಲಿ ಇನ್ನೊಬ್ಬನ ಪ್ರಾಣಕ್ಕೆ ಸಂಚಕಾರ ತರುತ್ತೀಯಲ್ಲೋ!

ಗೌರಮ್ಮ ಬಂದು ಬಗ್ಗಿ ನೋಡಿದಳು. "ಅಣ್ಣಯ್ಯ, ಇದು ಬಿಟ್ಕಂಡ್ರೆ ಏನಾಯ್ತದೆ?"

"ಹುಕ್ಕಲ್ಲಿರೋನು ಕೆಳಗೆ ಬತ್ತಾನೆ. ಅವನ ಮೇಲೆ ಬೂಮ್ ಬತ್ತದೆ."

ಅವಳು ಆರತಿ ತಟ್ಟೆಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಮೊಳೆಗೆ ನೇತುಹಾಕಿದ್ದ ಗಂಡನ ಸೊಂಟದ ಪಟ್ಟಿ ತಂದು ಬ್ರೋಕರಿನ ಮುಂದೆ ಹಿಡಿದಳು. "ತಂದೋರು ನೀವು, ಪೂಜೆ ಮಾಡ್ಸಿದೋರು ನೀವು. ಇದನ್ನ ಕಟ್ಕೊಂಡು ಆ ಹಲಸಿನ ಮರದ ತುದಿ ಗಂಟ ಒಂದ್ಸಲ ಹೋಗ್ಬನ್ನಿ. ಗಾಡಿ ತಗೋತೀವಿ."

"ನಂಗೆ ತಲೆ ಸುತ್ತು ಬತ್ತದೆ ತಾಯಿ" ಎಂದ.

"ನಮ್ಮೆಜಮಾನ್ರಿಗೂ ತಲೆ ಐತೆ ಕಣ್ರೀ" ಎಂದಳು.

ಅವನು ಬಾಳೆಕಂದಿನ ಸಮೇತ ಗಾಡಿ ತಿರುಗಿಸಿಕೊಂಡು ಹೋದ. ಹಾಳಾಗಿ ಹೋಗಲಿ ಎಂದುಕೊಂಡೆ. ರಂಗಸ್ವಾಮಿ ಮಾತ್ರ ನನ್ನ ಮುಖ ನೋಡಲಿಲ್ಲ. ಹೊರಡುವಾಗ, "ಎಲ್ಲ ಸರಿ ಅಣ್ಣ. ಆದ್ರೂ ಅದನ್ನ ಒರೆಸ್ಬಾರ್ದಿತ್ತು" ಎಂದ. ಸ್ವಂತ ಗಾಡಿಯ ಆಸೆಯನ್ನೇ ಕೈಬಿಟ್ಟು ಮತ್ತೆ ಕಂಡವರ ಹುಕ್ಕಿನ ಕೆಲಸಕ್ಕೇ ಹೋಗತೊಡಗಿದ. ನನಗೆ ಫೋನ್ ಮಾಡುವುದನ್ನೂ ಬಿಟ್ಟ.

ಮಳೆ ಹಿಡಿಯುವ ಮುಂಚೆ ಒಂದು ದಿನ ಹಾನುಬಾಳಿಗೆ ಜೀಪಿನಲ್ಲಿ ಹೋಗುತ್ತಿದ್ದೆ. ಊರು ಇನ್ನೂ ದೂರವಿದ್ದಾಗಲೇ ದಾರಿ ನಿಂತಿತ್ತು. ರಸ್ತೆ ಕಡೆ ವಾಲಿದ ಒಂದು ಒಣ ಮರ ತೆಗೆಯುತ್ತಿದ್ದಾರೆ ಎಂದರು. ಹಳೇ ಚಾಳಿ, ಇಳಿದು ನೋಡಲು ಹೋದೆ. ನೀಲಿ ಬಣ್ಣದ ಲಾರಿ ಕ್ರೇನ್. ಡ್ರೈವರ್ ಬಾಗಿಲ ಕೆಳಗಿನ ಮೆಟ್ಟಿಲು ಒಳಕ್ಕೆ ಮಡಚಿಕೊಂಡಿತ್ತು. ಹಳದಿ ಗಾಡಿಯ ಮೆಟ್ಟಿಲೂ ಹಾಗೇ ಇತ್ತಲ್ಲ ಎನಿಸಿತು. ಬೂಮು ಮೇಲೆದ್ದಿದ್ದರಿಂದ ಅದರ ಅಡಿ ಈಗ ಬಗ್ಗದೆಯೇ ಕಾಣುತ್ತಿತ್ತು. ಅದೇ ಮೂಲೆ, ಅದೇ ಮೂರೆಳೆ, ಅದೇ ಅಗಲ ಕುಂಕುಮ. ಇನ್ನೂ ಮೇಲಕ್ಕೆ ತಲೆ ಎತ್ತಿದೆ. ಮರದ ತುದಿಯ ಹತ್ತಿರ ಹುಕ್ಕಿನಲ್ಲಿ ನೇತಾಡುತ್ತಿದ್ದವನು ರಂಗಸ್ವಾಮಿ.

ಕೂಗಿದರೆ ಯಾರಿಗೆ ಕೇಳಬೇಕು? ಬಯಲಿಗೆ ಓಡಿ ಮುಷ್ಟಿ ಎತ್ತಿ ನಿಂತೆ. ಆಪರೇಟರಿಗೆ ನಾನು ಯಾರೋ ಹುಚ್ಚನಂತೆ ಕಂಡಿರಬೇಕು. ಮೇಲಿದ್ದವನಿಗೆ ಕಂಡಿತು. ಯಾಕೆ ಏನು ಎಂದು ಅವನು ಕೇಳಲಿಲ್ಲ. ಹೆಬ್ಬೆರಳು ಕೆಳಗೆ ಮಾಡಿ ಆಪರೇಟರಿಗೆ ತೋರಿಸಿದ. ಅವನ ಕಾಲು ನೆಲ ಮುಟ್ಟುವ ತನಕ ನಾನು ಮುಷ್ಟಿ ಬಿಚ್ಚಲಿಲ್ಲ.

"ಗಾಡಿ ಗುರ್ತು ಸಿಗ್ಲಿಲ್ವೇನೋ?" ಎಂದು ಅವನ ಭುಜ ಹಿಡಿದು ಅಲ್ಲಾಡಿಸಿದೆ.

"ಬಣ್ಣ ಬೇರೆ ಆಗೈತಲ್ಲಣ್ಣ. ವಿಭೂತಿ ಕಂಡ್ತು, ಕೈಮುಗ್ದು ಹತ್ತಿದೆ" ಎಂದ.

ಅಷ್ಟರಲ್ಲಿ ಗಾಡಿಯ ಮಾಲೀಕ ಲೋಕೇಶ ಬಂದ. ಸಣ್ಣ ಕಾಫಿ ಬೆಳೆಗಾರ, ಹೊಸದಾಗಿ ಮರದ ಕೆಲಸ ಹಿಡಿದವನು. "ಯಾಕೆ ಕೆಲ್ಸ ನಿಲ್ಲಿಸ್ದ್ರಿ?" ಎಂದ. ನನಗೆ ನೆತ್ತಿಗೇರಿತ್ತು. ರಂಗಸ್ವಾಮಿಯ ಸೊಂಟದ ಪಟ್ಟಿ ಬಿಚ್ಚಿ ಅವನತ್ತ ಎಸೆದು, "ಬೇರೇರನ್ನ ಯಾಕೆ ಹತ್ತಿಸ್ತೀಯ, ನೀನೇ ಹೋಗು ನೋಡಾನ" ಎಂದು ಕಿರುಚಿದೆ.

ಅವನು ಪಟ್ಟಿ ಎತ್ತಿಕೊಂಡು ತನ್ನ ಸೊಂಟಕ್ಕೆ ಕಟ್ಟಲು ಶುರು ಮಾಡಿದ. "ಅದಕ್ಕೇನಂತೆ, ಹೋಯ್ತೀನಿ. ಮೊದಲ್ನೇ ದಿನ ನಾನೇ ಹೋಗಿದ್ದು. ಆಮೇಲೆ ನನ್ ತಮ್ಮ ಹೋಗಿದ್ದ" ಎಂದ.

ನನ್ನ ಕೋಪಕ್ಕೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಬೈಸಿಕೊಳ್ಳಬೇಕಾದವನು ಇವನಲ್ಲ. "ಬ್ಯಾಡ ಮಾರಾಯ" ಎಂದು ಅವನ ಕೈ ಹಿಡಿದು, ಕೆಳಗಿಳಿಸಿದ ಬೂಮಿನ ಅಡಿಗೆ ಕರೆದೊಯ್ದೆ. ಈ ಸಲ ನಾನು ಒರೆಸಲಿಲ್ಲ. ಅವನ ಬೆರಳನ್ನೇ ಹಿಡಿದು ವಿಭೂತಿಯ ಮೇಲೆ ಓಡಿಸಿದೆ. ನೀಲಿ ಬಣ್ಣ ಮೂಲೆಯುದ್ದಕ್ಕೂ ಬಿಟ್ಟುಕೊಂಡಿತ್ತು, ಬಿರುಕಿನ ಅಂಚು ಉಗುರಿಗೆ ಸಿಕ್ಕಿತು. ಅವನು ಅಲ್ಲೇ ಮಂಡಿಯೂರಿ ಕೂತುಬಿಟ್ಟ. "ನನ್ ತಮ್ಮನ್ನ ಇದ್ರಲ್ಲೇ ಹತ್ತಿಸ್ಬುಟ್ನಲ್ಲ" ಎಂದು ಅದನ್ನೇ ಹೇಳುತ್ತಿದ್ದ.

ಲೋಕೇಶ ತನಗೆ ಗಾಡಿ ಮಾರಿದ್ದ ಅದೇ ಬ್ರೋಕರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟ. ಆ ಕಡೆಯಿಂದ ಬೆಣ್ಣೆಯಂಥ ದನಿ: "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ? ಒಂದು ಬೆಸುಗೆ ಹಾಕ್ಸಿ, ಬಣ್ಣ ಹೊಡ್ಸಿ ಕಳ್ಸಿ. ಹಾಸನದಿಂದಾಚೆ ಗಿರಾಕಿ ಅವ್ನೆ, ಕೈ ದಾಟಿಸ್ಬುಡ್ತೀನಿ. ನಿಮ್ಗೆ ಲುಕ್ಸಾನಾಗಲ್ಲ."

ಬಿರುಕು ಊರಿಂದೂರಿಗೆ ಹೋಗುವುದು ಹೀಗೆಯೇ. ಪ್ರತಿಯೊಬ್ಬ ಮೋಸ ಹೋದವನಿಗೂ ಇನ್ನೊಬ್ಬನಿಗೆ ಮೋಸ ಮಾಡುವ ದಾರಿ ತೋರಿಸಿರುತ್ತಾರೆ, ಅದನ್ನು ಉಪಕಾರ ಎನ್ನುತ್ತಾರೆ. ಲೋಕೇಶ ಏನು ಮಾಡುತ್ತಾನೋ ಎಂದು ನೋಡುತ್ತ ನಿಂತೆ. ಗಾಡಿ ನನ್ನದಲ್ಲ, ನಷ್ಟವೂ ನನ್ನದಲ್ಲ. ನಿಯತ್ತಾಗಿರು ಎಂದು ಇನ್ನೊಬ್ಬನಿಗೆ ಹೇಳಲು ನನಗೇನು ಕಷ್ಟ?

ಅವನು ಫೋನ್ ಇಟ್ಟು, "ಕಬ್ಬಿಣ ಕುಯ್ಯೋ ಗ್ಯಾಸ್ ಕಟರ್‌ನವ್ನಿಗೆ ಹೇಳ್ಕಳ್ಸಿ. ಬರೀ ಲಾರಿ ಮಾಡ್ಕಂಡು ಕಾಫಿ ಮೂಟೆ ಹೊಡೀತೀನಿ. ಈ ಸೊಂಡಿಲು ಇನ್ಯಾರ ಮೇಲೂ ಬೀಳ್ಬಾರ್ದು" ಎಂದ.

ಮಾರನೇ ದಿನ ಅವನ ಕಣದಲ್ಲಿ ಬೂಮನ್ನು ಇಳಿಸಿ ದಿಮ್ಮಿಗಳ ಮೇಲೆ ಮಲಗಿಸಿದೆವು. ರಂಗಸ್ವಾಮಿ ಬಂದ, ಗೌರಮ್ಮನೂ ಬಂದಳು. ಕಟರಿನವನು ಉರಿ ಹೊತ್ತಿಸಿದ. ಬಿರುಕಿನ ಹತ್ತಿರ ಬಂದು ವಿಭೂತಿ ನೋಡಿ ಉರಿ ಹಿಂದಕ್ಕೆಳೆದುಕೊಂಡ. "ಪೂಜೆ ಆಗಿರೋದಕ್ಕೆ ಬೆಂಕಿ ಹೆಂಗ್ ಇಡ್ಲಿ ಸಾರ್? ನನ್ ಕೈಲಾಗಲ್ಲ" ಎಂದ. ಲೋಕೇಶನೂ ಮುಂದೆ ಬರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ರಂಗಸ್ವಾಮಿಯ ಕಡೆ ನೋಡಿದೆ.

ಅವನು ಹೆಗಲ ಮೇಲಿದ್ದ ಟವೆಲನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದ. ಒಂದು ಸಲ ಕೈಮುಗಿದ. ಆಮೇಲೆ ಮಂಡಿಯೂರಿ, ಮೂರೆಳೆಯನ್ನೂ ಕುಂಕುಮವನ್ನೂ ಚೂರೂ ಉಳಿಯದ ಹಾಗೆ, ಬಿರುಕಿನೊಳಗೆ ಸೇರಿದ್ದ ಪುಡಿಯನ್ನೂ ಉಗುರಿನಿಂದ ಕೆರೆದು ತೆಗೆದು, ಒರೆಸಿದ.

"ಈಗ ಬರೀ ಕಬ್ಬಿಣ. ಕುಯ್ಯಿ" ಎಂದ.